ಕೊನೆಯ ಪುಟ

ನಮ್ಮ ಪುಸ್ತಕಕ್ಕೆ ಹದಿನಾರು ಪುಟ.
ಸಿಂಧನೂರಿನ ಪಿಡಬ್ಲ್ಯುಡಿ ಕ್ಯಾಂಪಿನಲ್ಲಿ
ಚೌಕಾಶಿ ಮಾಡಿ ತೆಗೆಸಿದ ಝೆರಾಕ್ಸು.
ಪಿನ್ನು ತುಕ್ಕು ಹಿಡಿಯುತ್ತದೆಂದು
ನನ್ನ ಮಷೀನಿನ ಮೇಲೇ ಹೊಲಿದೆ,
ಯಾರದೋ ಬ್ಲೌಸಿಗೆ ತಂದು ಉಳಿದ ಕೆಂಪು ದಾರ.

ಮೊದಲ ಪುಟ: ಸೂಜಿ ಎಲ್ಲಿ ಚುಚ್ಚಬೇಕು, ಎಲ್ಲಿ ಬಾರದು.
ಮೂರನೆಯದು: ಫ್ರಿಜ್ ಇಲ್ಲದ ಮನೆಯಲ್ಲಿ
ಇನ್ಸುಲಿನ್ ಇಡುವ ಬಗೆ.
ಒಂದು ಗಡಿಗೆ, ಅದರೊಳಗೊಂದು ಕುಡಿಕೆ,
ನಡುವೆ ಹಸಿ ಉಸುಕು, ಮೇಲೊಂದು ಒದ್ದೆ ಅರಿವೆ.
ನಲವತ್ತನಾಲ್ಕು ಡಿಗ್ರಿಯ ನಮ್ಮ ಮೇ ತಿಂಗಳಲ್ಲಿ
ಅಷ್ಟೇ ನೆರಳು ಅದಕ್ಕೆ.
ಏಳನೆಯ ಪುಟಕ್ಕೆ ಎಲ್ಲರ ಮನೆಯಲ್ಲೂ ಎಣ್ಣೆಗೈ:
ಮಗು ಬೆವರಿ, ನಡುಗಿ, ಮಾತು ತೊದಲಿದರೆ
ಮೊದಲು ಸಕ್ಕರೆ, ಆಮೇಲೆ ಪ್ರಶ್ನೆ.
ಹದಿನಾರನೆಯದು ಖಾಲಿ.

ಆ ಖಾಲಿಯೇ ಪಂಪಾಪತಿಯ ಕಣ್ಣಿಗೆ ಬಿತ್ತು.

ಒಳ್ಳೆಯ ಮನುಷ್ಯನ ಹಾಗೇ ಇದ್ದ.
ಚಪ್ಪಲಿ ಹೊರಗೆ ಬಿಟ್ಟು ಬಂದ,
ಸಕ್ಕರೆ ಇಲ್ಲದ ಚಾ ಕುಡಿದ,
ನನ್ನ ಮಗಳ ಹೆಸರು ಕೇಳಿ ನೆನಪಿಟ್ಟುಕೊಂಡ.
ತೊಂಬತ್ತು ದಿನದ ಚೂರ್ಣದ ಡಬ್ಬಿ ಅವನದು,
ಆಟೋಗಳ ಬೆನ್ನ ಮೇಲೆ ಊರೆಲ್ಲ ಓಡಾಡುವುದು:
‘ಸೂಜಿಗೆ ಕೊನೆಯ ನಮಸ್ಕಾರ.’

"ಮೂರು ಸಾವಿರ ಪುಸ್ತಕ ಬಣ್ಣದಾಗ ಹಾಕಿಸ್ತೀವ್ರಿ ಅಕ್ಕಾರ.
ನೀವು ರಾತ್ರಿ ಎತ್ತೋ ಫೋನಿಗೆ ವರ್ಷದ ರೀಚಾರ್ಜು.
ರಕ್ತ ನೋಡೋ ಪಟ್ಟಿ, ತಿಂಗಳಿಗೆ ಹತ್ತು ಡಬ್ಬಿ.
ಒಳಗಿನ ಒಂದಕ್ಷರ ಮುಟ್ಟೂದಿಲ್ಲ.
ಹಿಂದಿನ ಪುಟ ಒಂದು ಕೊಡ್ರಿ, ಸಾಕು."

ಹತ್ತು ಡಬ್ಬಿ.
ಲೈನಿಂಗ್ ಇಲ್ಲದ ಬ್ಲೌಸಿಗೆ ನೂರಾ ಇಪ್ಪತ್ತು,
ಒಂದು ಪಟ್ಟಿಗೆ ಇಪ್ಪತ್ತು,
ಒಂದು ಬ್ಲೌಸೆಂದರೆ ನನ್ನ ಮಗಳ ಒಂದೂವರೆ ದಿನ.
ಈ ಲೆಕ್ಕ ನನಗೆ ನಿದ್ದೆಯಲ್ಲೂ ಬರುತ್ತದೆ.
ಸುಳ್ಳು ಹೇಳುವುದಿಲ್ಲ, ಕೂಡಲೇ ಬೇಡ ಎನ್ನಲಿಲ್ಲ.
ಎಂಟು ದಿನ ಕೇಳಿದೆ.

ಭಾನುವಾರ, ಕುಷ್ಟಗಿ ರಸ್ತೆಯ ಶಾಲೆಯ ಪಡಸಾಲೆ.
ಖಾಜಾಬಿ ಅಂದಳು, ತಗೋಬೇಕು,
ಮನೀಗೊಯ್ದು ಕತ್ತರೀಲೆ ಆ ಪುಟ ತಗದ್ರಾತು.
ಉರುಕುಂದಮ್ಮ ಅಂದಳು, ರೊಕ್ಕಕ್ಕ ಯಾವ ವಾಸನಿ.
ಯಾರೋ ನಕ್ಕರು. ಯಾರೋ ಮಗುವಿಗೆ ಬಾಳೆಹಣ್ಣು ಸುಲಿದು
ಅರ್ಧ ಮುರಿದು ಉಳಿದರ್ಧ ಸೆರಗಿಗೆ ಸುತ್ತಿದರು.

ತುರ್ವಿಹಾಳದ ಸೂಗಮ್ಮ ಗೋಡೆಗೆ ಒರಗಿದ್ದಳು.
ಅವಳು ಯಾಕೆ ಬರುತ್ತಾಳೆಂದು ನಾವು ಕೇಳುವುದಿಲ್ಲ,
ಅವಳ ಮಡಿಲಲ್ಲಿ ಮಗುವಿಲ್ಲ.

"ಕ್ಯಾಲೆಂಡರಿನ ಹಿಂದ ಇತ್ತು ನೋಡ್ರಿ ಅದು.
ಪುಕ್ಕಟೆ ಕೊಟ್ಟಿದ್ರು. ಮುಂದ ದೇವರ ಫೋಟೋ.
ದೇವರ ಬೆನ್ನಿಗೆ ಇದ್ದದ್ದು ಖರೇನ ಇರತೈತಿ ಅಂದ್ಕೊಂಡೆ."

ಸ್ವಲ್ಪ ಹೊತ್ತು ಬಿಟ್ಟು,

"ಡಬ್ಬಿ ಇನ್ನೂ ಮನ್ಯಾಗೈತಿ.
ಎಪ್ಪತ್ತೆಂಟು ದಿನದ್ದು ಉಳದೈತಿ.
ಯಾರಿಗರ ಬೇಕಾದ್ರ ಒಯ್ಯಿರಿ."

ಹನ್ನೆರಡನ್ನು
ಪ್ರತಿಯೊಬ್ಬಳೂ ತನ್ನೊಳಗೇ ಕಳೆದುಕೊಂಡಳು.

ಎಂಟನೆಯ ದಿನ ಪಂಪಾಪತಿ ಫೋನು ಮಾಡಿದ.
ಪುಟ ಖಾಲಿ ಇಲ್ಲರೀ, ಅಂದೆ.
ಯಾರಿಗೆ ಕೊಟ್ರಿ, ಎಷ್ಟಕ್ಕ ಕೊಟ್ರಿ, ಅಂದ.
ಇಟ್ಟುಬಿಟ್ಟೆ.
ಈ ವ್ಯವಹಾರದಲ್ಲಿ ನಾನು ಆಡಿದ ಸುಳ್ಳು ಅದೊಂದೇ,
ಪುಟ ಖಾಲಿಯೇ ಇತ್ತು.

ಈಗಲೂ ಇದೆ.
ಖಾಜಾಬಿ ಅದರ ಮೇಲೆ ಹಾಲಿನ ಲೆಕ್ಕ ಬರೆಯುತ್ತಾಳೆ,
ಉರುಕುಂದಮ್ಮನ ಮಗ ಆನೆ ಬರೆದಿದ್ದಾನೆ, ಐದು ಕಾಲಿನದು.
ಈ ಸಲ ತೆಗೆಸಲಾದದ್ದು ನೂರಾ ಎಂಬತ್ತೇ ಪ್ರತಿ.
ಮಸ್ಕಿಯಿಂದ ಕೇಳಿದವರಿಗೆ ಇಲ್ಲ ಅಂದೆ,
ಅದು ಇನ್ನೂ ಚುಚ್ಚುತ್ತದೆ.
ಫೋನು ಇಪ್ಪತ್ತೆಂಟು ದಿನಕ್ಕೊಮ್ಮೆ ಸಾಯುತ್ತದೆ,
ಎರಡು ಬ್ಲೌಸು ಹೊಲಿದರೆ ಮತ್ತೆ ಏಳುತ್ತದೆ.

ಬಾಗಿಲ ಮುಂದೆ ಆಟೋ ಹೋಗುತ್ತದೆ,
ಬೆನ್ನ ಮೇಲೆ ಕೈಮುಗಿದ ಮುದುಕನ ಚಿತ್ರ.
ಕೆಂಪು ದಾರ ಮುಗಿಯಿತು.
ಉಳಿದವನ್ನು ಹಸಿರಿನಲ್ಲಿ ಹೊಲಿಯುತ್ತಿದ್ದೇನೆ.