ಎಷ್ಟನೇ ನಂಬರು

ಸೈಕಲ್ ತಗೊಂಡು ಹೋಗು, ಹಸೀನ. ಬೆಲ್ ಇಲ್ಲ, ಬಾಯಲ್ಲೇ ಕೂಗು.
ಮಂಡಿಪೇಟೆಯ ಗಾಜಿನ ಅಂಗಡಿ ಬೇಡ,
ಅಲ್ಲಿ ಎಲ್ಲ ಪ್ಲಾಸ್ಟಿಕ್ ಚೀಲದಾಗೆ ಉಸಿರುಕಟ್ಟಿ ಕುಂತಿರ್ತತಿ,
ಹರಿದು ಮುಟ್ಟಿದರೆ ಹುಡುಗ ಬಿಲ್ ಬುಕ್ ತೆಗೀತಾನೆ.
ಮುಟ್ಟದೆ ಕೊಳ್ಳೋ ಸಾಮಾನಲ್ಲ ಅದು.

ಎಡಕ್ಕೆ, ಮಂಡಕ್ಕಿ ಮೂಟೆ ಇಳಿಸೋ ಗಲ್ಲಿ.
ತಕ್ಕಡಿ ರಿಪೇರಿಯವನ ಪಕ್ಕ
ಬೋರ್ಡಿಲ್ಲದ ಅಂಗಡಿ, ಬಾಗಿಲಿಗೆ ಹಗ್ಗದ ಸುರುಳಿ.
ಕೊಟ್ರಬಸಪ್ಪ ಅಂತ.
ಮಧ್ಯಾಹ್ನ ಆದರೆ ಮೊಳೆ ಡಬ್ಬಿಗಳ ನಡುವೆ
ಕುಂತಲ್ಲೇ ನಿದ್ದೆ. ಎಬ್ಬಿಸಿದರೆ
ಚಿಲ್ಲರೆ ಇಲ್ಲ ಅಂತಾನೆ.

‘ಉಪ್ಪು ಕಾಗದ’ ಅನ್ನು.
ಸ್ಯಾಂಡ್ ಪೇಪರ್ ಅಂದರೂ ಕೊಡ್ತಾನೆ,
ಎರಡು ರೂಪಾಯಿ ಜಾಸ್ತಿ.
ಅದರಾಗೆ ಉಪ್ಪಿಲ್ಲ, ಬಿಡು.
ಹನ್ನೊಂದನೇ ವಯಸ್ಸಿಗೆ ನಾನೂ ನಾಲಿಗೆ ಇಟ್ಟು ನೋಡಿದವನೇ.
ಅಪ್ಪ ಬೈಯಲಿಲ್ಲ,
‘ರುಚಿ ಹತ್ತಿತು, ಇನ್ನು ಇದು ನಿನ್ನ ಬಿಡಲ್ಲ’ ಅಂದ.

‘ಎಷ್ಟನೇ ನಂಬರು?’ ಅಂತಾನೆ ಕೊಟ್ರಬಸಪ್ಪ,
ಕನ್ನಡಕ ಹಣೆಗೇರಿಸಿ.
ಇಲ್ಲೇ ಎಲ್ಲರೂ ಸಿಕ್ಕಿಬೀಳೋದು.
ಎಂಬತ್ತು, ಎರಡು ಹಾಳೆ. ಹಳೇ ಬಣ್ಣಕ್ಕೆ.
ಕೈಗೇ ಸಿಟ್ಟು ಬರಬೇಕು, ಅಷ್ಟು ಒರಟು.
ನೂರಿಪ್ಪತ್ತು, ಮೂರು. ಬೆಕ್ಕಿನ ನಾಲಿಗೆ ಅದು.
ಇನ್ನೂರಿಪ್ಪತ್ತು, ಗಿರಣಿಯಿಂದ ಈಗ ಬಂದ ಜೋಳದ ಹಿಟ್ಟು,
ಬಿಸಿ ಒಂದಿಲ್ಲ ಅಷ್ಟೇ.
ಆಮೇಲೆ ಕರೀದು, ನಾನೂರು, ನೀರು ಹಚ್ಚಿ ಉಜ್ಜೋದು:
ಬೆರಳಿಗೆ ಏನೂ ಅನ್ನಿಸಲ್ಲ.
ಏನೂ ಅನ್ನಿಸದಂಗೆ ಇದ್ದು ಕೆಲಸ ಮುಗಿಸ್ತತಿ,
ನಿಮ್ಮ ಕಾಕಿ ಮಾತು ಬಿಟ್ಟ ದಿನ ಇದ್ದಂಗೆ.

ಗೋಡೆಗೆ ತಾಗಿದ ಕಟ್ಟಿನದು ಬೇಡ, ತೇವ ಕುಡಿದಿರ್ತತಿ.
ಮೂಲೆ ಮಡಚಿ ನೋಡು. ಹರಳು ಉದುರಿದರೆ
ಅವನ ಮೇಜಿನ ಮೇಲೇ ಉದುರಿಸಿ ಬಾ.
ಬಟ್ಟೆ ಬೆನ್ನಿನದು ಕೇಳು. ಮರದ ಅಂಟು, ಸಣ್ಣ ಡಬ್ಬಿ.
ಉಜ್ಜೋ ಕಟ್ಟೆಗೆ ಕಾರ್ಕ್ ಇದ್ದರೆ ಸರಿ,
ಇಲ್ಲದಿದ್ದರೆ ಹಳೇ ಹವಾಯಿ ಚಪ್ಪಲಿ ಐತಿ ನಮ್ಮಲ್ಲೇ.

ನೀನೇ ಹೋಗಬಾರದಾ ಮೇಸ್ತ್ರಿ, ಅಂತೀಯ.
ನನ್ನ ಬೆರಳು ಈಗ ನಂಬರು ಹೇಳಲ್ಲ, ಹಸೀನ.
ರೇಷನ್ ಅಂಗಡಿ ಮಿಷನ್ನಿಗೆ
ಹೆಬ್ಬೆಟ್ಟು ಒತ್ತಿ ಒತ್ತಿ ನಿಂತಿದ್ದೆ ಹೋದ ತಿಂಗಳು,
ಹಿಂದಿನವರು ಗೊಣಗಿದರು,
ಮಿಷನ್ನು ಕೆಂಪಗೆ ಕಣ್ಣು ಬಿಟ್ಟು ಯಾರೂ ಇಲ್ಲ ಅಂತು.
ಮೂವತ್ತೆಂಟು ವರ್ಷ ಮರದ ಗೀರು ನಾನು ಅಳಿಸಿದೆ,
ಅದು ನನ್ನದು ಅಳಿಸಿತು.
ಯಾರ ಮೇಲೂ ಬಾಕಿ ಇಲ್ಲ.

ಇದು ಬಾಡಿಗೆ ತೊಟ್ಟಿಲು, ಗೊತ್ತಲ್ಲ.
ಈ ಕಚ್ಚು ಬಿನ್ನಿ ಕಂಪನಿ ರೋಡಿನ ಕೂಸಿನದು,
ಆಚೆ ಕಡೆ ಎರಡು ಸಾಲು ಭಾರತ್ ಕಾಲೋನಿಯ ಅವಳಿಗಳದು,
ಒಂದು ಎಡಕ್ಕೆ ಕಚ್ಚಿತ್ತು, ಒಂದು ಬಲಕ್ಕೆ.
ಬೇರೆಯವರ ಹಲ್ಲಿನ ಮೇಲೆ ತಮ್ಮ ಕೂಸು ಮಲಗಿಸಲಿಕ್ಕೆ
ಯಾರು ಒಪ್ತಾರೆ? ಎಲ್ಲ ಉಜ್ಜಬೇಕು.
ಶುಕ್ರವಾರ ನಿಟ್ಟುವಳ್ಳಿಗೆ ಹೋಗಬೇಕು,
ಹೆಸರಿಡೋದು ಹತ್ತು ಗಂಟೆಗೆ.

ಗೆರೆಯ ಉದ್ದಕ್ಕೇ ಉಜ್ಜು, ಅಡ್ಡ ಬೇಡ.
ಮುಗೀತು ಅನ್ನಿಸಿದ ಮೇಲೆ ಒದ್ದೆ ಬಟ್ಟೆ ಸವರು,
ಮಲಗಿದ್ದ ನಾರೆಲ್ಲ ಎದ್ದು ಕೂರ್ತಾವೆ. ಮತ್ತೆ ಉಜ್ಜು.
ಆಮೇಲೆ ಕೈಯನ್ನ ಕೇಳಬೇಡ,
ಕೈ ನಿನ್ನ ಕಡೆಯವನು, ಸುಳ್ಳು ಹೇಳ್ತಾನೆ.
ಕೆನ್ನೆ ಇಟ್ಟು ನೋಡು.

ಉಳಿದ ಚಿಲ್ಲರೆಗೆ ಮಿರ್ಚಿ ತಿನ್ನು.
ಎಣ್ಣೆ ಕೈ ತೊಳೆಯದೆ ಬಂದೆಯೋ, ಬಣ್ಣ ಹಿಡಿಯಲ್ಲ,
ಐದು ಬೆರಳೂ ಹಂಗೇ ಕಾಣ್ತಾವೆ.
ಹೇಳು ನೋಡೋಣ, ಎಂಬತ್ತು ಎಷ್ಟು?
ಹಸೀನ?

ಹೋಗೇಬಿಟ್ಟಳು.
ಗಲ್ಲಿ ತುದಿಗೆ ಅವಳ ಬಾಯಿ ಬೆಲ್ ಕೇಳ್ತತಿ, ಟ್ರಿಣ್ ಟ್ರಿಣ್.

ಸುಮ್ಮನೆ ಕೂರಲಾರದೆ
ತೊಟ್ಟಿಲಿನ ಅಂಚಿಗೆ ನಾನೇ ಕೆನ್ನೆ ಇಟ್ಟೆ.
ಕರಕರ ಅಂತು.
ಮೂರು ದಿನದ ಗಡ್ಡ.
ಅಂಚಿಂದ ಒಂಚೂರು ಪುಡಿ ಉದುರಿತು,
ಎಂಬತ್ತನೇ ನಂಬರು.