ಆರು ವೋಲ್ಟಿನ ಹುಳಿ

ಬ್ರೇಕ್ ಒತ್ತಿದ್ರ ಹಾರ್ನು ಕುಂಯ್ ಅಂತದ,
ಹಾರ್ನ್ ಒತ್ತಿದ್ರ ಹೆಡ್‌ಲೈಟು ಕಣ್ಣು ಮುಚ್ಚತದ.
ಇಂಡಿಕೇಟರ್ ಇಲ್ಲದ ಗಾಡಿ ಇದು, ಇದ್ದಿದ್ರ
ಅದೇನ್ ಹಾಡತಿತ್ತೊ.

ಅರವತ್ತೆಂಟರ ಜಾವಾ. ಹುಮನಾಬಾದಿನ ಗುಜರಿಯೊಳಗ
ಕೋಳಿ ಕೂಡಿಹಾಕೋ ಜಾಳಿಗಿ ಅಡಿ ಬಿದ್ದಿತ್ತು.
ಎರಡು ವರ್ಷ, ಟ್ಯೂಶನ್ನಿನ ರೊಕ್ಕೆಲ್ಲ ಅದರ ಹೊಟ್ಟಿಗಿ.
ಸಾಲಿ ಪೋರಗಳು ಜಾವಾ ಬಾಯಿ ಅಂತಾವ ನನಗ
ಬೆನ್ನ ಹಿಂದ. ಒಮ್ಮೊಮ್ಮೆ ಮುಂದೂ.

ಓಮನ ನಿಯಮ ಹದಿನೇಳು ವರ್ಷ ಬೋರ್ಡಿನ ಮ್ಯಾಲ ಬರದಾಕಿ ನಾನು.
ಮೀಟರ್ ತಗೊಂಡು ಕುಂತೆ ಐತವಾರ ಪೂರಾ.
ಕರಿ ಕಡ್ಡಿ ಬ್ಯಾಟ್ರಿ ಬುಡಕ್ಕ ಸಿಗಿಸಿ
ಕೆಂಪು ಕಡ್ಡಿ ಊರೆಲ್ಲ ತಿರುಗಿಸಿದೆ:
ಫ್ಯೂಜಿಗಿ, ಚಾವಿಗಿ, ದೀಪದ ಬುಡಕ್ಕ, ಹಾರ್ನಿನ ಕಿವಿಗಿ.
ಆರು ಪಾಯಿಂಟ್ ಎರಡು. ಆರು ಪಾಯಿಂಟ್ ಎರಡು.
ಎಲ್ಲಾರೂ ಹಾಜರ್ ಬಾಯಿ ಅಂತಾರ,
ಪಾಠ ಯಾರಿಗೂ ಬರಲ್ಲ.

ಕಟೌಟ್ ಬದಲಿಸಿದೆ. ಕಂಡೆನ್ಸರ್ ಬದಲಿಸಿದೆ.
ಡೈನಮೋ ಬ್ರಶ್ಶು ಹೈದರಾಬಾದಿನಿಂದ
ಬಸ್ ಕಂಡಕ್ಟರನ ಕೈಯಾಗ ತರಿಸಿದೆ.
ಕುಂಯ್.

ಕಡೀಕ ಚೌಬಾರಾ ಹಿಂದಿನ ಗಲ್ಲಿ, ವಹೀದ್ ಮಿಯಾನ ಅಂಗಡಿ.
ಅಂಗಡಿ ಅಂದ್ರ ಒಂದು ಬಾಗಲ, ಒಂದು ಸ್ಟೂಲು,
ಅಜ್ಜ ಮಾಡಿದ ಬಿದ್ರಿ ಹುಕ್ಕಾದ ಬುಡದಾಗ ಸೋಲ್ಡರಿನ ರಾಳ.
ಆ ಅಜ್ಜ ಕಿಲ್ಲೆದ ಮಣ್ಣು ನಾಲಿಗಿ ಮ್ಯಾಲ ಇಟ್ಕೊಂಡು
ಇದು ಕರೀ ಮಾಡ್ತದ, ಇದು ಮಾಡಲ್ಲ ಅಂತ ಹೇಳತಿದ್ನಂತ.
ಮೊಮ್ಮಗನ ಬಲ್ಲಿ ಮೀಟರ್ ಇಲ್ಲ.
ನನ್ನ ಮೀಟರ್ ನೋಡಿದ, ಹೊಸಾ ಅಳಿಯನ ನೋಡಿದಂಗ.

ಎರಡು ವಾಯರು. ಒಂದು ಬ್ಯಾಟ್ರಿ ಪ್ಲಸ್ಸಿಗಿ, ಒಂದು ಮೈನಸ್ಸಿಗಿ,
ಉಳಿದ ತುದಿ ಎರಡೂ ನಾಲಿಗಿಗಿ.
ಕಣ್ಣ ಮುಚ್ಚಿದ. "ಹುಣಸಿ," ಅಂದ.
ಮೈನಸ್ಸಿನ ವಾಯರ್ ತಗದು ಇಂಜಿನ್ ಬೋಲ್ಟಿಗಿ ಹಚ್ಚಿದ.
ಬಾಯಿ ಚಪ್ಪರಿಸಿದ. "ಸಪ್ಪಗದ. ಉಪ್ಪಿಲ್ಲದ ಬ್ಯಾಳಿ."
ನನಗೂ ಕೊಟ್ಟ. ಬ್ಯಾಡ ಅಂದೆ,
ಆಮ್ಯಾಲ ಇಸ್ಕೊಂಡೆ.
ಖರೇನ ಸಪ್ಪಗ.

"ಕರೆಂಟ್ ಹೋಗೋದಷ್ಟೆ ನೋಡೀರಿ ಬಾಯಿ,
ಹೊಳ್ಳಿ ಮನಿಗಿ ಬರೋದು ಯಾರು ನೋಡಬೇಕು?
ದಾರಿ ಬಂದ್ ಆದ್ರ ಅದು ಸಿಕ್ಕ ಸಂದಿ ಹಿಡೀತದ,
ಬ್ರೇಕಿನ ಮನೀದು ಹಾರ್ನಿನ ಮನ್ಯಾಗ ನುಗ್ತದ."

ಸೀಟಿನ ಕೆಳಗ ಅರ್ಥ್ ವಾಯರ್ ಬಿಗಿದ ಜಾಗ.
ಕಾನಸು ತಗೊಂಡ. "ನಿಲ್ರಿ," ಅಂದೆ.
ಘಾಳೆಪ್ಪ ಮೂರು ಕೋಟ್ ಹೊಡೆದ ಬಣ್ಣ ಅದು.
ಧೂಳ ಏಳಬಾರದಂತ ಅಂಗಳಕ್ಕ ನೀರು ಹೊಡೆದು
ರಾತ್ರಿಯೆಲ್ಲ ನಾನ ಕಾದಿದ್ದೆ.
ಅಂಥಾ ಕೆಂಪು ಬೀದರಿನ ಮಣ್ಣಿಗೂ ಇಲ್ಲ.
ವಹೀದ್ ಮಿಯಾ ನಿಂತ. ಬೀಡಿ ಹಚ್ಚಿದ. ಅರ್ಧ ಸೇದಿದ.
"ಬಣ್ಣದಾಗ ಕರೆಂಟ್ ಹಾಯಲ್ಲ ಬಾಯಿ. ಎಷ್ಟ ಛಂದ ಇರಲಿ."

ಕಾನಸು ನಾನ ಇಸ್ಕೊಂಡೆ.
ಎಂಟಾಣಿಯಷ್ಟು ಅಗಲ ಕೆರದೆ.
ಕೆಂಪು. ಕೆಳಗ ಬೂದಿ ಬಣ್ಣದ ಪ್ರೈಮರ್.
ಅದರ ಕೆಳಗ ಹಸಿರು!
ಯಾವನೋ ಹಳೇ ಮಾಲಕನ ಗಿಣಿ ಹಸಿರು
ತಂಪಗ ಕುಂತದ.
"ಬರೇ ಕಬ್ಬಿಣ ಕಾಣೋತನ ತಿಕ್ಕೀನಿ, ಮೈಲಾರ ಮಲ್ಲಣ್ಣನ ಆಣಿ"
ಅಂದಿದ್ದ ಘಾಳೆಪ್ಪ.
ವಹೀದ್ ಮಿಯಾ ಗ್ವಾಡಿ ಕಡಿ ಮಾರಿ ತಿರುಗಿಸಿದ.
ಭುಜ ಕುಣೀತಿದ್ವು.

ಕಡೀಕ ಕಬ್ಬಿಣ ಬಂತು, ಮೀನಿನ ಹೊಟ್ಟಿ ಹಂಗ ಬೆಳ್ಳಗ.
ಬೋಲ್ಟ್ ಬಿಗಿದು ಮತ್ತ ವಾಯರ್ ನಾಲಿಗಿಗಿಟ್ಟೆ.
ಹುಣಸಿ.

ಮೂವತ್ತು ರೂಪಾಯಿ. ಅದರೊಳಗ ಐದು ವಾಶರಿಂದು.

ಹೊತ್ತು ಮುಣಗಿತ್ತು. ಉಸ್ಮಾನ್ ಗಂಜಿನ ಇಳುಕಲಿನಾಗ ಬ್ರೇಕ್ ಒತ್ತಿದೆ.
ಹಿಂದ ಕೆಂಪು ದೀಪ ಹತ್ತಿರಬೇಕು, ನನಗ ಕಾಣಲ್ಲ.
ಹಾರ್ನು ಬಾಯಿ ಮುಚ್ಚಿತ್ತು.
ಘಾಳೆಪ್ಪ ಅಂಗಡಿ ಕದ ಎಳೀಲಿಕ್ಕತ್ತಿದ್ದ,
ಬೆಳಕು ಮಾರಿ ಮ್ಯಾಲ ಬಿದ್ದು ಕಣ್ಣಿಗಿ ಕೈ ಅಡ್ಡ ಹಿಡಿದ.
"ಬಣ್ಣ ಹ್ಯಾಂಗದ ಬಾಯಿ?"
ನಾ ಏನೂ ಅನಲಿಲ್ಲ.
ಅವನ ಕಿವಿ ಹಂತ್ಯಾಕ ಗಾಡಿ ನಿಲ್ಲಿಸಿ
ಹಾರ್ನು ಒತ್ತಿದೆ,
ಉದ್ದಕ.