ಮುಂಜಾನಿ ಗೊತ್ತಾಕ್ಕೈತಿ

ಹುಬ್ಬಳ್ಳಿ ಕೊಪ್ಪೀಕರ ರೋಡಿನ ಮೂರನೇ ಮಾಳಿಗಿ ಮ್ಯಾಲೆ
ಉಮ್ರಾಕ್ಕ ಕಳಸೋ ಏಜೆಂಟ ಹುಡುಗ ಮುದಸ್ಸರ
ಎರಡು ಚಿತ್ರ ಮುಂದಿಟ್ಟ.
ಇದು ಹಿಂದಿನ ಸೀಟು, ಮೂವತ್ತೆಂಟು ಸಾವಿರ.
ಇದು ಮುಂದಿನದು, ಒಂದು ಲಕ್ಷದ ಹನ್ನೆರಡು.
"ಚಾಚಾ, ವಿಮಾನ ಒಂದಽ. ಇಳಿಯೂದೂ ಒಂದಽ ಟೈಮಿಗೆ."

ನಾನು ಚಿತ್ರದ ಮ್ಯಾಲೆ ಹೆಬ್ಬೆಟ್ಟು ಒತ್ತಿ ನೋಡಿದೆ.
ಚಟ. ನಲವತ್ತೊಂದು ವರ್ಷ ಗದಗ ಟಾಂಗಾ ಕೂಟದ ಹಿಂದಿನ ಓಣ್ಯಾಗ
ಗಾದಿ ಹೊಲಿದ ಕೈ ಇದು. ಒತ್ತಿದರ
ಒಳಗ ಎಷ್ಟು ಕಿಲೋ, ಯಾವ ಹತ್ತಿ, ಯಾವ ವರ್ಷದ್ದು ಹೇಳತೈತಿ.
ಚಿತ್ರ ಏನೂ ಹೇಳಲಿಲ್ಲ.
ನುಣ್ಣಗ ಇತ್ತು, ತಣ್ಣಗ ಇತ್ತು.

ಅಪ್ಪ ಬಿಲ್ಲು ಹೆಗಲಿಗೆ ಹಾಕ್ಕೊಂಡು ಊರೂರು ತಿರುಗಿದಾವ.
ಠೊಂಯ್ ಅಂದರ ಹತ್ತಿ ಹಾರಿ ಅವನ ಹುಬ್ಬಿನ ಮ್ಯಾಲೆ ಕೂಡತಿತ್ತು.
ಮಂದಿಗೆ ಗಾದಿ ಮಾಡಿಕೊಟ್ಟು ತಾನು
ಅವರ ಕಟ್ಟಿ ಮ್ಯಾಲೆ ಖಾಲಿ ಚೀಲ ಹಾಸ್ಕೊಂಡು ಮಲಗತಿದ್ದ.
ಅದು ದುಃಖದ ಮಾತಲ್ಲ. ನಿದ್ದಿ ಹತ್ತತಿತ್ತು ಅವಗ.

ಗಿರಾಕಿ ಕೇಳತಾರ: "ನದಾಫರಽ, ಎಂಟು ಕಿಲೋದ್ದಕ್ಕೂ ಹದಿನಾಲ್ಕರದ್ದಕ್ಕೂ
ಏನ ಫರಕ? ಕಣ್ಣು ಮುಚ್ಚಿದ ಮ್ಯಾಲೆ ಎರಡೂ ಒಂದಽ ಅಲ್ಲೇನು?"
ನಾನು ಸೂಜಿ ಬಾಯಾಗ ಹಿಡಕೊಂಡು ಅಂತೀನಿ:
"ಮುಂಜಾನಿ ಗೊತ್ತಾಕ್ಕೈತಿ."
ಈಗ ಗಿರಾಕಿ ನಾನು.

ತಿರುಗಿ ಬರೋ ಬಸ್ಸಿನಾಗ ಅಣ್ಣಿಗೇರಿ ತನಕ ಲೆಕ್ಕ ಮಾಡಿದೆ.
ಫರಕ ಎಪ್ಪತ್ತನಾಕು ಸಾವಿರ.
ಒಂದು ಗಾದಿಗೆ ಉಳಿಯೂದು ಎರಡುನೂರಾ ಐವತ್ತು.
ಮುನ್ನೂರಕ್ಕ ನಾಕು ಕಮ್ಮಿ ಗಾದಿ,
ಐದೂವರಿ ತಾಸು ಕುಂಡ್ರಾಕ.
ಒಂದು ಸಣ್ಣ ಊರು ಮಲಗೋ ಅಷ್ಟು ಹತ್ತಿ
ಒಬ್ಬರ ಕುಂಡಿ ಕೆಳಗ!
ನಗು ಬಂತು. ಬಾಜೂಕ ಕುಂತಾವ ನೋಡಿದ.

ಆದರ ಮಾಬೂಬಿ ಬೆನ್ನು.
ನಾನು ತುಂಬತೀನಿ, ಆಕಿ ಅಂಚು ಹೊಲೀತಾಳ,
ನೆಲದ ಮ್ಯಾಲೆ ಕುಂತು, ಬಗ್ಗಿ, ಮೂವತ್ತಾರು ವರ್ಷ.
ದವಾಖಾನ್ಯಾಗ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು
ಮಣಿ ಎರಡು ಒಂದರ ಮ್ಯಾಲೊಂದು ಕುಂತಾವು ಅಂದಿದ್ದರು.
"ನಡುವಿನ ಹತ್ತಿ ಹೋಗೈತಿ ಅನ್ರಿ," ಅಂದಿದ್ದಳು ಆಕಿ.

ರೇಟು ಹೇಳಿದ್ದಕ್ಕ,
"ರೊಕ್ಕ ಏನ ಗಿಡದಾಗ ಬೆಳೀತೈತಿ?"
ಹತ್ತಿ ಬೆಳೀತೈತಲ್ಲ, ಅಂದೆ.
ಉತ್ತರ ಕೊಡಲಿಲ್ಲ. ಟೇಪು ತಂದಳು.

ಮುದಸ್ಸರ ಹೇಳಿದ ಅಳತಿ ಮೂವತ್ತೊಂದು ಇಂಚು.
ಅಂಗಡ್ಯಾಗ ಎರಡು ಕುರ್ಚಿ, ಮೊಣಕಾಲ ಮುಂದ ಹತ್ತಿ ಅಂಡಿಗಿ.
ಶಟರ್ ಅರ್ಧ ಇಳಿಸಿ ಹನ್ನೊಂದೂವರಿಗೆ ಕುಂತಿವಿ.
"ಎಲ್ಲಿಗೆ ಬಂತು ವಿಮಾನ?" ಅಂತ ಹತ್ತತ್ತು ಮಿನಿಟಿಗೆ ಕೇಳಿದಳು.
ಬೆಟಗೇರಿ ದಾಟೇತಿ ಅಂದೆ. ಸಮುದ್ರ ಬಂತು ಅಂದೆ.
ಆಮ್ಯಾಲೆ ನನ್ನ ಹೆಗಲಿಗೆ ತಲಿ ಒರಗಿಸಿ ಮಲಗಿದಳು.
ಎಡಗೈ ಜೋಮು ಹಿಡೀತು. ಸರಿಸಲಿಲ್ಲ.
ಇಷ್ಟ ಸಾಕಲ್ಲ, ಅನಿಸಿತು ನಡುರಾತ್ರ್ಯಾಗ.
ಮುಂದಿನ ಸೀಟಿನಾಗ ಇಬ್ಬರ ನಡುವ ಸಣ್ಣ ಗ್ವಾಡಿ ಇರತೈತಂತ.

ಫಜರ್ ಅಜಾನಿಗೆ ಎಚ್ಚರಾದಳು.
ಏಳಾಕ ನೋಡಿದಳು. ಆಗಲಿಲ್ಲ.
ಎರಡೂ ಕೈ ಹಿಡಿದು ಎತ್ತಿದೆ. ಮಾರಿ ಆ ಕಡೆ ಮಾಡಿದಳು,
ನನಗ ಕಾಣಬಾರದಂತ.

ಎಂಟರ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ.
ಒಂದು ಮುಂದಿನದು ಕೊಡು, ಒಂದು ಹಿಂದಿನದು.
ಮುದಸ್ಸರ ಎರಡು ಸಲ ಕೇಳಿದ.
"ನಡುವ ಪರದೆ ಎಳೀತಾರ ಚಾಚಾ."
ಎಳೀಲಿ.

ಮನ್ಯಾಗ ಇನ್ನೂ ಹೇಳಿಲ್ಲ.
ಆಕಿ ಉಳಿದ ಹತ್ತ್ಯಾಗ ಕುತ್ತಿಗಿ ದಿಂಬು ಹೊಲಿಯಾಕತ್ತಾಳ,
ಎರಡು. ಒಂದಽ ಅಳತಿ, ಒಂದಽ ಹೂವಿನ ಬಟ್ಟಿ.
ಒಂದು ಸಾಕು ಅನ್ನಾಕ ಬಾಯಿ ತೆರೆದೆ.
"ಈ ದಾರ ಕಡಿದು ಕೊಡ್ರಿ," ಅಂದಳು.
ಕಡಿದೆ.